ಅಪ್ಪಯ್ಯನ ಹಣೆಗೆ ನಾಮ

ಅಪ್ಪಯ್ಯಾ,

ನಿನ್ನ ಮರಳಯ್ಯ ಮಾಡಿರುವ ಘನಕಾರ್ಯ ಕೇಳು. ಪುಸ್ತಕಗಳಿಗೆ ಚಿತ್ರ ಬರೆಯುವ ಆ ಫ್ರೆಂಚ್ ದೊರೆ ತನ್ನ ಹೆಸರು ಮೊರೆಲ್ ಎಂದು ಎಷ್ಟು ಸಲ ಹೇಳಿದರೂ ನೀನು ಮರಳಯ್ಯನೆಂದೇ ಕರೆದು, ಮೂರು ದಿನ ನಮ್ಮ ಜಗಲಿಯಲ್ಲಿ ಅವನೆದುರು ಅಲುಗಾಡದೆ ಕೂತಿದ್ದೆಯಲ್ಲ, ಆ ಚಿತ್ರವಿರುವ ಪುಸ್ತಕ ಇವತ್ತು ಮಧುಗಿರಿ ಅಂಚೆಗೆ ಬಂತು. ನೀನು ತೀರಿಕೊಂಡು ಎಂಟು ತಿಂಗಳಾದ ಮೇಲೆ! ಈ ದೂರನ್ನು ನಾನು ಯಾವ ಅಂಚೆಗೆ ಹಾಕಲಿ?

ಬಿಚ್ಚಿ ನೋಡಿದರೆ ನಿನ್ನ ಹಣೆಯ ಮೇಲೆ ನಾಮ! ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ಮೂರು ನೆಟ್ಟಗಿನ ಗೆರೆ. ನೀನು ವಿಭೂತಿಯನ್ನು ಅಡ್ಡಡ್ಡ ಹಚ್ಚುವುದನ್ನು ಮೂರು ದಿನವೂ ಕಣ್ಣಾರೆ ಕಂಡವನು, ಊರಿಗೆ ಹೋಗುವಷ್ಟರಲ್ಲಿ ಮರೆತನೇ? ಪಕ್ಕದ ಮನೆಯ ಇಂದ್ರಮ್ಮ, "ಅಯ್ಯೋ, ನಿಮ್ಮಪ್ಪನ್ನ ದಾಸಯ್ಯನ್ನ ಮಾಡ್ಬುಟ್ಟವ್ನೆ ಕಣಮ್ಮ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ನಿನ್ನದೆಂದು ಇರುವುದು ಇದೊಂದೇ ಚಿತ್ರ. ಹಾಗಾಗಿ ವಿಭೂತಿ ನೆನೆಸಿ, ಮೂರು ಬೆರಳಿನಿಂದ ನಾನೇ ಅದರ ಹಣೆಗೆ ಅಡ್ಡ ಎಳೆದೆ. ಆಗಲೇ ಕಂಡದ್ದು, ಜಗಲಿಯಲ್ಲಿ ನಿನ್ನ ಪಕ್ಕ ಒಬ್ಬರು ಕೂರುವಷ್ಟು ಜಾಗವನ್ನು ಅವನು ಖಾಲಿ ಬಿಟ್ಟಿದ್ದಾನೆ.

"ಮರಳಯ್ಯ, ವಸಿ ತಡಿ. ನಮ್ಮ ರುದ್ರಿನೂ ಬತ್ತಾಳೆ" ಎಂದು ನೀನು ಅವತ್ತು ಕೂಗಿ ಹೇಳಿದ್ದೆ. "ನಂಗೆ ಕೆಲ್ಸ ಐತೆ" ಎಂದು ನಾನು ಒಳಗೇ ಉಳಿದಿದ್ದೆ.

ಹಣೆಯ ಗೆರೆ ಮರೆತ ಮಹಾನುಭಾವ, ಅದನ್ನು ಮಾತ್ರ ಮರೆತಿಲ್ಲ.