ಕರಿಬಸಪ್ಪನವರ ದನಿ ಯಾರದು?

ದಾವಣಗೆರೆ
ಫೆಬ್ರವರಿ ೩೦, ೨೧೦೮

೨೦೨೬ರ ದುಡಿಮೆ ಪಕ್ಷದ ಅಧ್ಯಕ್ಷರಿಗೆ,

೨೦೩೪ರ ಚುನಾವಣೆಯಲ್ಲಿ ನಿಮ್ಮ ಪಕ್ಷ ಸತ್ತವರ ದನಿಯಲ್ಲಿ ಹಿರಿಯರ ಮತ ಕೇಳಿತು. ನಿಮಗಿದು ಇನ್ನೂ ಆಗದ ಸಂಗತಿ, ನಮಗೆ ಆಗಿಹೋದ ಅನ್ಯಾಯ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ಹಿರಿಯರನ್ನು ಮರಳಿ ಗೆಲ್ಲುವುದು ಹೇಗೆಂದು ನೀವೀಗ ಸಮಿತಿ ಮಾಡಿದ್ದೀರಿ. ಅವರು ನಿಮ್ಮನ್ನು ಬಿಟ್ಟವರಲ್ಲ. ತಾವು ದುಡಿಯುತ್ತಿದ್ದ ಹತ್ತಿ ಗಿರಣಿ ಮುಚ್ಚಿದ ಮೇಲೂ ನನ್ನ ಮುತ್ತಜ್ಜ ಕರಿಬಸಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಪಕ್ಷದ ಪರವಾಗಿ ಓಣಿಯಲ್ಲಿ ತಮ್ಮ ಮನೆಯ ಜಗಲಿಯ ಮೇಲೆ ಕೂರುತ್ತಿದ್ದರು. ಹಳೇ ಪತ್ರಿಕೆಯ ಮೇಲೆ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಎಲ್ಲರಿಗಿಂತ ಹಿರಿಯರು ಮೊದಲು ಮಾತಾಡಬೇಕು. ಮಂಡಕ್ಕಿ ಮುಗಿಯುವವರೆಗೆ ಪಕ್ಷದವನು ಬಾಯಿ ತೆರೆಯುವುದು ತಿನ್ನಲಿಕ್ಕೆ ಮಾತ್ರ.

"ಏನ್ಲೇ ಕರಿಬಸಪ್ಪ, ಇವತ್ತಾದ್ರೂ ವೋಟು ಕೇಳ್ತೀಯೋ, ಬರೇ ಮಿರ್ಚಿ ಖಾಲಿ ಮಾಡ್ತೀಯೋ?" ಎಂದು ಹಿರಿಯರೊಬ್ಬರು ಕೆಣಕುತ್ತಿದ್ದರು.

"ತಡಿ ಮಾವ, ಮೊದ್ಲು ನಿನ್ನ ನಳದಾಗೆ ನೀರು ಬರ್ಲಿ."

ಇದರಿಂದ ಎಷ್ಟು ಮತ ಬಂತೆಂದು ತಿಳಿಯದೆ ೨೦೨೬ರ ನಂತರ ನೀವು ಆ ಕೂಟವನ್ನೇ ನಿಲ್ಲಿಸಿದಿರಿ. ಮುತ್ತಜ್ಜ ತೀರಿಕೊಂಡ ಮೇಲೆ ಅವರ ಹಳೇ ಭಾಷಣಗಳಿಂದ ದನಿಬೊಂಬೆ ಮಾಡಿಸಿದಿರಿ. ಸತ್ತವರಂತೆ ಮಾತಾಡುವ ಯಂತ್ರವನ್ನು ನಾವು ಹಾಗೆನ್ನುತ್ತೇವೆ. ಅದು ಓಣಿಯ ಹಿರಿಯರಿಗೆಲ್ಲ ಫೋನು ಮಾಡಿತು. ಮುತ್ತಜ್ಜನ ಹೆಂಡತಿ ಹಾಲವ್ವನನ್ನು ಆ ಪಟ್ಟಿಯಿಂದ ಬಿಡಬೇಕೆಂದು ನಿಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆಗ ನನ್ನ ತಾಯಿ ಅವಳ ಪಕ್ಕದಲ್ಲೇ ಕೂತಿದ್ದಳಂತೆ.

"ಹಾಲವ್ವ, ಈ ಸಲಾನೂ ನಮ್ ಪಕ್ಷಕ್ಕೇ ಹಾಕ್ಬೇಕು ನೋಡು," ಎಂದಿತು ಗಂಡನ ದನಿ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು: "ಊಟ ಆತೇನ್ರಿ?"

"ನಿಮ್ಮ ಒಂದೊಂದು ಮತವೂ ಅಮೂಲ್ಯ."

ಮತದಾನ ಮುಗಿಯಿತು, ಕರೆಗಳು ನಿಂತವು. ಹಾಲವ್ವ ಸಾಯುವವರೆಗೂ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದಳು. ಓಣಿಯ ಹಿರಿಯರು ಮತ್ತೆ ನಿಮ್ಮತ್ತ ತಿರುಗಿ ನೋಡಲಿಲ್ಲ. ದನಿಯನ್ನು ಯಾರಾದರೂ ಹೀಗೆ ಬಳಸಿಯಾರೆಂಬ ಭಯ ನಮ್ಮಲ್ಲಿ ಶಾಸ್ತ್ರವಾಗಿ ಉಳಿದಿದೆ: ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದವರು, ಸತ್ತವರ ದನಿ ಎಲ್ಲೆಲ್ಲಿದೆಯೋ ಹುಡುಕಿ ಅಳಿಸುತ್ತೇವೆ. ಮೊನ್ನೆ ತೀರಿಕೊಂಡ ನನ್ನ ತಾಯಿಯ ಜೋಗುಳವನ್ನೂ ನಾನೇ ಅಳಿಸಿದೆ.

ನಿಮ್ಮ ಕಾಲದಲ್ಲಿ ಕರಿಬಸಪ್ಪ ಇನ್ನೂ ಬದುಕಿದ್ದಾರೆ. ಸಮಿತಿ ಬಿಟ್ಟು ಈ ಭಾನುವಾರ ಆ ಜಗಲಿಗೆ ಹೋಗಿ, ಕೂತು ಕೇಳಿ. ಮಂಡಕ್ಕಿ ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತು, ಈ ಮನುಷ್ಯನ ದನಿ ಯಾರದು, ಪಕ್ಷದ್ದೋ ಅವರದೇ ಸ್ವಂತದ್ದೋ ಎಂದು ಹೇಳಿ. ಜೋರಾಗಿ ಹೇಳಿ. ಒಳಗಿರುವ ಹಾಲವ್ವನಿಗೂ ಅದು ಕೇಳಿಸಬೇಕು.

ಅವಳ ಮರಿಮೊಮ್ಮಗಳು,
ಶಿವಲೀಲಾ