ಹಿಂದುಮುಂದಾದ ಎರಡು ಫಾರಂ

ಭಾನುವಾರ, ಜೂನ್ ೧೪

ಮೊಸರಲ್ಲಿ ಕಲ್ಲು ಹುಡುಕುವ ಪಂಡಿತರಿಗೆ,

ನಮಸ್ಕಾರ. ನಾಲ್ಕು ವರ್ಷದ ಮೇಲೆ ಇವಳಿಗೇನು ಬಂತು, ಕಾಗದ ಬರೆಯಲು ಕೂತಿದ್ದಾಳಲ್ಲ ಅಂತ ಗಾಬರಿಯಾಗಬೇಡಿ. ಗಟ್ಟಿಮುಟ್ಟಾಗಿಯೇ ಇದ್ದೇನೆ. ನಿಮ್ಮನ್ನು ಒಂದು ವಿಷಯ ಕೇಳಬೇಕಾಗಿದೆ, ಅಷ್ಟೇ. ಅದು ಗೊತ್ತಾಗದೆ ಸೋಮವಾರದಿಂದ ನನ್ನ ತಲೆ ನೆಟ್ಟಗಿಲ್ಲ. ಮೊನ್ನೆ ಕುಂಚವನ್ನು ಅಂಟಿನ ಡಬ್ಬಿ ಬಿಟ್ಟು ಚಹಾದ ಲೋಟಕ್ಕೆ ಅದ್ದಿದೆ. ಮೊದಲು ಆ ಕೆಂಪು ಪೆನ್ಸಿಲ್ ಕೆಳಗಿಡಿ. ಇಟ್ಟಿರಾ? ಸರಿ, ಈಗ ಓದಿ.

ಸೋಮವಾರ ಗ್ರಂಥಪಾಲಕಿ ಒಂದು ಪುಸ್ತಕವನ್ನು ಹೊಸದಾಗಿ ಬೈಂಡ್ ಮಾಡಲು ನನ್ನ ಮೇಜಿಗೆ ತಂದಳು. ಬೆನ್ನು ಮುರಿದು, ರಟ್ಟು ಜೋತುಬಿದ್ದು, ಹಾಸಿಗೆ ಹಿಡಿದ ಅಜ್ಜಿಯಂತಿತ್ತು. ಯಾವುದು ಅಂತೀರಿ? ದೋಣಿ ನಡೆಸುವ ಅಣ್ಣತಮ್ಮಂದಿರ ಕಾದಂಬರಿ. ಹತ್ತೊಂಬತ್ತನೇ ವಯಸ್ಸಿಗೆ ನೀವು ಪ್ರೆಸ್ಸು ಸೇರಿದಾಗ ತಿದ್ದಿದ ಮೊಟ್ಟಮೊದಲ ಕರಡು. ಮದುವೆಯಾದ ಹೊಸದರಲ್ಲಿ ಅದರ ಪುಟಗಟ್ಟಲೆ ಬಾಯಿಪಾಠ ಒಪ್ಪಿಸಿ ನನಗೆ ನಿದ್ದೆ ಬರಿಸುತ್ತಿದ್ದಿರಿ. ಮುಂದಿನ ಹಾಲ್‌ನಲ್ಲಿ ಗರಿಗರಿ ಹೊಸ ಪುಸ್ತಕಗಳು ಸಾಲಾಗಿ ಕೂತಿವೆ, ಕೇಳುವವರಿಲ್ಲ. ಇದು ಮಾತ್ರ ಕಪಾಟಿನಲ್ಲಿ ಹದಿನೈದು ದಿನ ಕೂತದ್ದಿಲ್ಲ. ಕಥೆ ಗೊತ್ತು, ಕೊನೆ ಗೊತ್ತು, ಆದರೂ ಅವೇ ಜನ ಅದನ್ನೇ ಮತ್ತೆ ಮತ್ತೆ ಒಯ್ಯುತ್ತಾರೆ. ಅಂಥದ್ದೇನಿದೆ ಅದರಲ್ಲಿ ಅಂತ ನನಗೆ ಎಂದಿನಿಂದಲೂ ಕುತೂಹಲ.

ಹೊಲಿಗೆ ಬಿಚ್ಚಿದೆ. ಹದಿನಾರು ಪುಟದ ಒಂದೊಂದು ಫಾರಂ ಬೇರೆ ಮಾಡಿ ಸಾಲಾಗಿ ಇಟ್ಟೆ. ಆಗ ಮಡಿಕೆಯ ಸಂದಿಯಲ್ಲಿ ಸಣ್ಣದಾಗಿ ಅಚ್ಚಾದ ಫಾರಂ ಸಂಖ್ಯೆ ಕಂಡಿತು. ಹದಿಮೂರನೇ ಫಾರಂ ಆದಮೇಲೆ ಹದಿನೈದನೆಯದು, ಅದಾದಮೇಲೆ ಹದಿನಾಲ್ಕನೆಯದು. ಎರಡು ಫಾರಂ ಹಿಂದುಮುಂದು. ಹದಿನಾಲ್ಕು ವರ್ಷದ ಹಿಂದೆ ಅದನ್ನು ಹೊಲಿದದ್ದು ಯಾರು? ನಾನೇ. ಅದಕ್ಕೂ ಮುಂಚಿನ ಬೈಂಡರ್ ಮಹಾರಾಯ ಅಂಚು ಕತ್ತರಿಸುವ ಉತ್ಸಾಹದಲ್ಲಿ ಪುಟದ ಸಂಖ್ಯೆಗಳನ್ನೇ ಹಾರಿಸಿಬಿಟ್ಟಿದ್ದ ಅನ್ನುವುದು ನಿಜ. ಫಾರಂಗಳ ಕೊನೆಗೇ ಅಧ್ಯಾಯಗಳೂ ಮುಗಿಯುವುದರಿಂದ, ಅಧ್ಯಾಯಕ್ಕೆ ಸಂಖ್ಯೆಯೂ ಇಲ್ಲದ್ದರಿಂದ, ಎಲ್ಲೂ ವಾಕ್ಯ ತುಂಡಾಗಿ ಕಾಣುವುದಿಲ್ಲ ಅನ್ನುವುದೂ ನಿಜ. ನೋಡಿ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಾನು ಈಗಲೂ ವಾದಕ್ಕೆ ನಿಂತುಬಿಟ್ಟೆ. ಇರಲಿ. ತಪ್ಪು ನನ್ನದು.

ಬರೆದೆ ನೋಡಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನೀವು ಕೇಳದ ಮಾತು. ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ ಬೇಕಾದರೆ.

ಆದರೆ ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಬಂದು ದೂರು ಹೇಳಲಿಲ್ಲವಲ್ಲ, ಅದು ಹೇಗೆ? ಇರಬೇಕಾದ ಪ್ರಕಾರ ಅಣ್ಣತಮ್ಮ ಮೊದಲು ಜಗಳವಾಡುತ್ತಾರೆ, ತಮ್ಮ ಆಚೆ ದಡಕ್ಕೆ ಹೋಗಿ ಮನೆ ಮಾಡುತ್ತಾನೆ. ಆಮೇಲೆ ದೋಣಿಯಲ್ಲಿ ಕೂತು ಮಾತಾಡಿ ರಾಜಿಯಾಗುತ್ತಾರೆ. ಕೊನೆಗೆ ಇಬ್ಬರೂ ಮುದುಕರಾಗಿ ಒಂದೇ ದೋಣಿಯಲ್ಲಿ ಕೂತಿರುತ್ತಾರೆ. ನಾನು ಹೊಲಿದದ್ದರಲ್ಲಿ ಮೊದಲೇ ರಾಜಿ, ಆಮೇಲೆ ದೊಡ್ಡ ಜಗಳ, ಅದಾದಮೇಲೆ ಮಾತಿಲ್ಲ ಕಥೆಯಿಲ್ಲ, ಇಬ್ಬರೂ ಮುದುಕರಾಗಿ ಒಟ್ಟಿಗೆ ಕೂತಿದ್ದಾರೆ.

ತಡೆಯಲಾಗಲಿಲ್ಲ. ಏನೂ ಅರಿಯದವಳ ಹಾಗೆ ಮುಂದಿನ ಹಾಲ್‌ಗೆ ಹೋಗಿ ಓದುಗರನ್ನು ಮಾತಿಗೆಳೆದೆ. ನಮ್ಮ ನಿವೃತ್ತ ನರ್ಸಮ್ಮ ಇದ್ದಾರಲ್ಲ, ಅವರು ಅದನ್ನು ಏಳು ಸಲ ಓದಿದ್ದಾರಂತೆ. ಕೊನೆಯಲ್ಲಿ ಅಣ್ಣತಮ್ಮ ಹೇಗೆ ಒಂದಾದರು ಅಂತ ಬರೆದೇ ಇಲ್ಲವಲ್ಲ, ನಿಮಗೆ ಏನೂ ಅನ್ನಿಸಲಿಲ್ಲವೇ ಅಂತ ಕೇಳಿದೆ. ಅವರು ನನ್ನನ್ನು ಎಳೆ ಮಗು ನೋಡಿದ ಹಾಗೆ ನೋಡಿದರು. ಮಾತಾಡಿ ಯಾರಮ್ಮ ರಾಜಿಯಾಗುತ್ತಾರೆ, ಮಾತಾಡಿದರೆ ಇನ್ನೊಂದು ಜಗಳವೇ. ಒಂದು ದಿನ ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತಾರೆ, ಅಷ್ಟೇ. ಅದನ್ನು ಬರೆಯದೆ ಬಿಟ್ಟಿದ್ದಕ್ಕೇ ನಾನು ಆ ಪುಸ್ತಕ ಓದುವುದು ಅಂದರು. ಆ ಹೊಗಳಿಕೆ ಬರೆದವರಿಗೆ ಸೇರಬೇಕೋ ನನ್ನ ಸೂಜಿಗೆ ಸೇರಬೇಕೋ ತಿಳಿಯದೆ ತಲೆಯಾಡಿಸಿದೆ.

ಎದುರು ಬೀದಿಯ ದರ್ಜಿಯದು ಬೇರೆಯೇ ರಾಗ. ಮೊದಲು ಬರುವ ರಾಜಿ ತಮ್ಮ ಕಂಡ ಕನಸಂತೆ. ಆ ಕನಸು ಯಾವ ಸಾಲಿನಿಂದ ಶುರುವಾಗುತ್ತದೆ ಅಂತ ಪತ್ತೆಮಾಡಲು ಒಂಬತ್ತು ಸಲ ಓದಿದ್ದಾನೆ, ಇನ್ನೂ ಸಿಕ್ಕಿಲ್ಲವಂತೆ! ನನಗೆ ಒಳಗೊಳಗೇ ನಗು, ಜೊತೆಗೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಭಯ. ಪಾಪದವನು, ಒಂಬತ್ತು ಸಲ! ನಿಜ ಹೇಳಲು ಬಾಯಿ ಬರಲಿಲ್ಲ.

ವಾಪಸ್ ಬಂದು ಚೀಟಿ ಬಿಡಿಸಲು ಕೂತೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಪುಸ್ತಕದ ಕೊನೆಗೆ ಅಂಟಿಸುವ ಚೀಟಿಯಲ್ಲಿ ತಾರೀಕು, ಪಕ್ಕದಲ್ಲಿ ಒಯ್ದವರ ಸದಸ್ಯ ಸಂಖ್ಯೆ ಬರೆಯುತ್ತಾರೆ. ಚೀಟಿ ತುಂಬಿದರೆ ಅದರ ಮೇಲೇ ಹೊಸದನ್ನು ಅಂಟಿಸುತ್ತಾರೆ. ಇದಕ್ಕೆ ಐದು ಪದರ ಇತ್ತು. ಒದ್ದೆ ಬಟ್ಟೆ ಇಟ್ಟು ಒಂದೊಂದೇ ಎಬ್ಬಿಸಿದೆ. ಯಾರು ಯಾರು ಎಷ್ಟು ಸಲ ಒಯ್ದಿದ್ದಾರೆ ನೋಡುವ ಆಸೆ. ನರ್ಸಮ್ಮನ ಏಳು, ದರ್ಜಿಯ ಒಂಬತ್ತು, ಸರಿಯಾಗಿಯೇ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ಒಯ್ದವರು ಸದಸ್ಯ ಸಂಖ್ಯೆ ೪೧೭. ಹನ್ನೊಂದು ಸಲ.

೪೧೭ ಯಾರು ಅಂತ ನಾನು ರಿಜಿಸ್ಟರ್ ನೋಡಬೇಕಾಗಲಿಲ್ಲ. ಆ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಟ್ಟವಳೇ ನಾನು.

ನಿಮ್ಮ ಆ ಹನ್ನೊಂದರಲ್ಲಿ ಮೂರು ತಾರೀಕು ನೀವು ಮನೆ ಬಿಟ್ಟ ಮೇಲಿನವು. ಮೂರೂ ಗುರುವಾರ, ಬೈಂಡಿಂಗ್ ವಿಭಾಗಕ್ಕೆ ರಜೆಯ ದಿನ. ಗ್ರಂಥಪಾಲಕಿಯನ್ನು ಕೇಳಿದರೆ ಆಕೆ ಮುಸಿಮುಸಿ ನಗುತ್ತಾ, ಬರುತ್ತಾರೆ, ನಿಮ್ಮ ಕೋಣೆಯ ಬಾಗಿಲಿಗೆ ಬೀಗ ಬಿದ್ದಿದೆಯೇ ಅಂತ ಮೊದಲು ನೋಡಿಕೊಂಡು ಆಮೇಲೆ ಕಪಾಟಿನ ಹತ್ತಿರ ಹೋಗುತ್ತಾರೆ ಅಂದಳು. ಬೀಗ ಇರಲಿ ಅಂತ ನೋಡುತ್ತೀರೋ, ಇರದಿರಲಿ ಅಂತ ನೋಡುತ್ತೀರೋ? ಅದೂ ನನಗೆ ಗೊತ್ತಾಗಬೇಕು.

ಈಗ ಮುಖ್ಯ ವಿಷಯ. ನೀವು ಔಷಧಿ ಸೀಸೆಯ ಮೇಲಿನ ಚೀಟಿಯನ್ನೂ ತಿದ್ದುವ ಮನುಷ್ಯ. ಯಾರದೋ ಮದುವೆ ಕರೆಯೋಲೆಗೆ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದ ಮಹಾನುಭಾವ. ಅಮ್ಮ ತೀರಿಹೋದ ವಾರ ಅಕ್ಕನಿಗೆ ನಾನು ಬರೆದಿಟ್ಟ ಕಾಗದಕ್ಕೂ ಗುರುತು ಹಾಕಿದಿರಿ. ಕೈ ಅಭ್ಯಾಸಕ್ಕೆ ಹಾಗಾಯಿತು ಅಂದಿರಿ. ನಿಮ್ಮ ಕಣ್ಣಿಗೆ ತಪ್ಪು ಬಿಟ್ಟರೆ ಮನುಷ್ಯರೇ ಕಾಣುವುದಿಲ್ಲ ಅಂದೆ. ನಿನ್ನ ಬಾಯಲ್ಲಿ ತಪ್ಪಾಯಿತು ಅನ್ನುವ ಮಾತು ಈ ಜನ್ಮದಲ್ಲಿ ಬರುವುದಿಲ್ಲ ಅಂದಿರಿ. ಮಾತಿಗೆ ಮಾತು ಬೆಳೆಯಿತು, ನೀವು ಚೀಲ ತಗೊಂಡು ಪ್ರೆಸ್ಸಿನ ಹಿಂದಿನ ಕೋಣೆ ಸೇರಿದಿರಿ. ಎಂಟು ದಿನದಲ್ಲಿ ಬರುತ್ತಾರೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಆಯಿತು.

ಅಂಥ ನೀವು, ಆ ಪುಸ್ತಕವನ್ನು ಅಕ್ಷರ ಅಕ್ಷರ ಬಲ್ಲ ನೀವು, ಅದನ್ನು ಹನ್ನೊಂದು ಸಲ ಓದಿದ್ದೀರಿ. ಫಾರಂ ಹಿಂದುಮುಂದಾದದ್ದು ಕಾಣಲಿಲ್ಲ ಅಂತ ಹೇಳಬೇಡಿ, ನಂಬುವುದಿಲ್ಲ. ಭೂತಗನ್ನಡಿ ಹಿಡಿದು ಪುಸ್ತಕದ ಪ್ರತಿ ಹಾಳೆ ನೋಡಿದೆ, ಅಂಚಿನಿಂದ ಅಂಚಿಗೆ. ಕೆಂಪು ಬಿಡಿ, ಒಂದು ಚುಕ್ಕೆ ಇಲ್ಲ. ಕೈ ಅಭ್ಯಾಸ ಅಂದಿರಲ್ಲ? ಹನ್ನೊಂದು ಸಲ ಆ ಕೈಯನ್ನು ಹೇಗೆ ಹಿಡಿದಿಟ್ಟುಕೊಂಡಿರಿ? ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಜಗಳದ ದಿನ ನೀವೇ ಗೆಲ್ಲುತ್ತಿದ್ದಿರಿ. ಒಂದೇ ಮಾತು ಸಾಕಿತ್ತು, ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ಅವತ್ತು ಕೂಡ ಆ ಮಾತು ನಿಮ್ಮ ಬಾಯಿಂದ ಬರಲಿಲ್ಲ.

ಇದನ್ನು ಯೋಚಿಸಿ ಯೋಚಿಸಿ ಬುಧವಾರ ಕೋಣೆಯ ಕದ ಹಾಕಿಕೊಂಡು ಅತ್ತೆ. ನಾಚಿಕೆ ಏನು, ಅತ್ತೆ. ನಿಮ್ಮನ್ನು ನಾನು ಸರಿಯಾಗಿ ಓದಲೇ ಇಲ್ಲವೇನೋ ಅನ್ನಿಸಿತು.

ಫಾರಂಗಳು ಮೇಜಿನ ಮೇಲೇ ಇವೆ, ಇನ್ನೂ ಹೊಲಿದಿಲ್ಲ. ಸರಿಯಾದ ಕ್ರಮದಲ್ಲಿ ಹೊಲಿದರೆ ನರ್ಸಮ್ಮನ ಕಥೆ ಹೋಗುತ್ತದೆ, ದರ್ಜಿಯ ಕನಸು ಹೋಗುತ್ತದೆ. ಹಳೆಯ ಹಾಗೆಯೇ ಹೊಲಿದರೆ ಗೊತ್ತಿದ್ದೂ ತಪ್ಪು ಮಾಡಿದ ಹಾಗೆ. ಗ್ರಂಥಪಾಲಕಿ ಶನಿವಾರದವರೆಗೆ ಗಡುವು ಕೊಟ್ಟಿದ್ದಾಳೆ. ಇದನ್ನು ತೀರ್ಮಾನಿಸುವ ಯೋಗ್ಯತೆ ಇರುವುದು ನಿಮಗೊಬ್ಬರಿಗೇ, ಅದಕ್ಕೇ ಬನ್ನಿ. ಗುರುವಾರ ಅಲ್ಲ, ದಯವಿಟ್ಟು. ಬೀಗ ಇಲ್ಲದ ದಿನ ಬನ್ನಿ. ಪುಸ್ತಕದ ನೆಪ ಬೇಡ ಅಂದರೆ ನೆಪವಿಲ್ಲದೆಯೂ ಬನ್ನಿ. ನೀವು ಬರಬೇಕು ಅಂತ ನನಗೆ ಆಸೆ ಇದೆ, ಅದನ್ನು ಹೇಗೆ ಸುತ್ತಿಬಳಸಿ ಬರೆಯುವುದೋ ತಿಳಿಯದೆ ನೇರವಾಗಿಯೇ ಬರೆದಿದ್ದೇನೆ.

ಇಂತಿ,
ಇನ್ನೂ ನಿಮ್ಮವಳೋ ಅಲ್ಲವೋ ನೀವೇ ಹೇಳಬೇಕಾದ,
ಸೂಜಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ತಪ್ಪು ಸೋಮವಾರ ಕಂಡಿತು ಅಂದದ್ದು ಸುಳ್ಳು. ಅಂದು ಹೊಲಿದುಕೊಟ್ಟ ಮೇಲೆ, ಮೊದಲ ಓದುಗರು ಪುಸ್ತಕ ವಾಪಸ್ ಮಾಡಿದಾಗ, ಹೊಲಿಗೆ ಬಿಗಿಯಾಗಿದೆಯೇ ಅಂತ ತೆರೆದು ನೋಡಿದೆನಲ್ಲ, ಆಗಲೇ ಕಂಡಿತ್ತು. ಗುಟ್ಟಾಗಿ ಬಿಚ್ಚಿ ಸರಿಮಾಡೋಣ ಅಂತ ಮನೆಗೂ ತಂದಿದ್ದೆ. ಅವತ್ತು ನಿಮ್ಮ ಪ್ರೆಸ್ಸಿನವರು ಊಟಕ್ಕೆ ಬಂದಿದ್ದರು. ಬಡಿಸುತ್ತಿದ್ದೆ. ಈ ಕಣ್ಣಿಗೆ ಎಲ್ಲರ ತಪ್ಪೂ ಬೀಳುತ್ತದೆ, ನನ್ನ ಹೆಂಡತಿಯ ಹೊಲಿಗೆಯಲ್ಲಿ ಮಾತ್ರ ಇವತ್ತಿನವರೆಗೆ ಒಂದೂ ಬಿದ್ದಿಲ್ಲ ಅಂತ ನೀವು ಅವರ ಮುಂದೆ ಹೇಳಿದಿರಿ. ಅದನ್ನು ಕೇಳಿದ ಮೇಲೆ ಬಿಚ್ಚಲು ಕೈ ಬರಲಿಲ್ಲ, ಮರುದಿನ ಹಾಗೆಯೇ ಕಪಾಟಿನಲ್ಲಿಟ್ಟೆ. ಪಾಪ, ಇವರಿಗೆ ಗೊತ್ತಿಲ್ಲ ಅಂತ ಹದಿನಾಲ್ಕು ವರ್ಷ ಅಂದುಕೊಂಡೇ ಇದ್ದೆ. ಆ ಮೊದಲ ಓದುಗರು ಯಾರು ಅಂತ ಆಗ ನೋಡುವ ಬುದ್ಧಿ ಬರಲಿಲ್ಲ. ಮೊನ್ನೆ ಎಲ್ಲಕ್ಕಿಂತ ಕೆಳಗಿನ ಚೀಟಿ ಎಬ್ಬಿಸಿದಾಗ ನೋಡಿದೆ. ನೀವೇ. ಆ ಊಟಕ್ಕೆ ಐದು ದಿನ ಮುಂಚೆ.