ಸರಿದು ಕೂತ ಕಪ್ಪು

ಪ್ರೆಸ್ಸಿನ ಹಿಂದಿನ ಮನೆ,
ಮಾರ್ಚ್ ೧೪

ನನ್ನ ಬಂಗಾರದಂಥ ಮಗನಿಗೆ,

ಹೇಗಿದ್ದೀಯೋ? ಕೆಮ್ಮು ಹೋಯಿತೇ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯೋ, ಇಲ್ಲ ಅಲ್ಲೂ ಭಾಷಣದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮೊಣಕೈ ನೋವು ಇದ್ದದ್ದೇ. ಹಳೆಯ ಚಿತ್ರ ಅಳಿಸಲು ದಿನವಿಡೀ ಅಚ್ಚಿನ ಕಲ್ಲು ಉಜ್ಜುವವಳಿಗೆ ಅದೇನು ಹೊಸದಲ್ಲ. ಈ ಪತ್ರ ನಿನ್ನ ಸ್ನೇಹಿತನ ಕೈಗೇ ಕೊಡುತ್ತೇನೆ. ಓದಿ ಸುಟ್ಟುಬಿಡು, ಬೇರೆಯವರ ಕೆಲಸಕ್ಕೆ ಕುತ್ತು ಬರಬಾರದು.

ನೀನು ತಲೆಮರೆಸಿಕೊಂಡ ವಾರದಲ್ಲೇ ಕಾಲೇಜುಗಳ ಗೋಡೆಗೆ ಅಂಟಿಸುವ ಸರ್ಕಾರದ ಪೋಸ್ಟರ್ ನಮ್ಮ ಪ್ರೆಸ್ಸಿಗೇ ಬಂತು. ‘ವಿದ್ಯಾರ್ಥಿಗಳೇ, ಇವನ ಮಾತಿಗೆ ಮರುಳಾಗಬೇಡಿ. ಕಂಡರೆ ತಿಳಿಸಿ.’ ನೀನು ಭಾಷಣ ಮಾಡಿದ ಮೆರವಣಿಗೆಯ ಫೋಟೋ ನೋಡಿ ಚಿತ್ರದ ಮೇಷ್ಟ್ರು ಕಲ್ಲಿನ ಮೇಲೆ ಬರೆದ ಮುಖ ನಿನ್ನದು. ನಿನ್ನ ಹೆಸರು ಸರ್ಕಾರದವರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೆಂದೇ ಇಷ್ಟು ಖರ್ಚು. ಹಿಂದಿನ ಕಾಲದಲ್ಲಾದರೆ ಒಂದೊಂದು ಹಾಳೆಗೂ ಕುಂಚ ಹಿಡಿದು ಬಣ್ಣ ತುಂಬಬೇಕಿತ್ತು, ನಾಲ್ಕು ಗೋಡೆಗೂ ಸಾಲುತ್ತಿರಲಿಲ್ಲ. ಈಗ ಬಣ್ಣಕ್ಕೊಂದು ಕಲ್ಲು. ಮೊದಲು ಹಳದಿ, ಆಮೇಲೆ ಕೆಂಪು, ನೀಲಿ, ಕೊನೆಗೆ ಮುಖದ ಗೆರೆಗಳ ಕಪ್ಪು. ಊರಿಗೆಲ್ಲ ಸಾಕಾಗುವಷ್ಟು ಅಚ್ಚಾಗುತ್ತದೆ.

ಕಾಪಾಡಿದ್ದು ಅಚ್ಚು ಹಾಕುವ ನಮ್ಮ ಮಷಿನ್ ಮಾವ. ಬಣ್ಣದ ಮೇಲೆ ಬಣ್ಣ ಕೂರಿಸುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಅವರಿಗೆ ಎಷ್ಟಿತ್ತೆಂದು ನಿನಗೇ ಗೊತ್ತು. ಅಂಥವರು ಕಪ್ಪನ್ನು ಒಂದು ಬೆರಳು ಸರಿಸಿ ಅಚ್ಚು ಹಾಕಿದರು. ತುಟಿಯ ಕೆಂಪು ಗಲ್ಲಕ್ಕಿಳಿದು, ಒಂದು ಮೂಗು ಎರಡಾಗಿ, ಹೆತ್ತವಳಿಗೇ ಗುರುತು ಸಿಗಲಿಲ್ಲ ಕಣೋ! ಕಾಲೇಜಿನ ಹುಡುಗರು ಗೋಡೆಯ ಮುಂದೆ ನಿಂತು ನಕ್ಕಿದ್ದೇ ನಕ್ಕಿದ್ದು. ಅದೇ ದಿನ ಅದೇ ಮಷಿನ್ನಿನಲ್ಲಿ ಬಂದ ಸೋಪಿನ ಲೇಬಲ್ ಮಾತ್ರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಪೋಸ್ಟರ್ ಮಾಡಿಸಿದ ಅಧಿಕಾರಿ ಬಾಯಿಗೆ ಬಂದಂತೆ ಬೈದರು. ಧಣಿಗಳು ಮಾವನನ್ನು ಮಷಿನ್ನಿಂದ ತೆಗೆದು ಕಾಗದ ಜೋಡಿಸಲು ಕೂರಿಸಿದರು. ನಾನು ಕೈಮುಗಿಯಲು ಹೋದರೆ, “ವಯಸ್ಸಾಯ್ತಲ್ಲ ಅಕ್ಕಾ, ಕಣ್ಣು ಮಂಜಾಗಿದೆ, ಅಷ್ಟೇ” ಅಂದರು. ಈ ಋಣ ಯಾವ ಜನ್ಮಕ್ಕೆ ತೀರೀತು? ಅವರನ್ನು ನೆನೆಯದೆ ನಾನು ಒಂದು ತುತ್ತೂ ಎತ್ತುವುದಿಲ್ಲ. ನೀನೂ ನೆನೆಸಿಕೋ.

ಎಲ್ಲಿದ್ದರೂ ತಣ್ಣಗಿರು, ಮಗನೇ.

ನಿನ್ನ ಅಮ್ಮ

ಮರುದಿನ, ಅವಸರದಲ್ಲಿ: ಮೆರವಣಿಗೆಯ ಕೇಸುಗಳನ್ನೆಲ್ಲ ಕೈಬಿಟ್ಟಿದ್ದಾರೆ, ಪೇಪರಿನಲ್ಲೇ ಬಂದಿದೆ. ಆ ಕಪ್ಪಿನ ಕಲ್ಲನ್ನು ಬೇರೆ ಕೆಲಸಕ್ಕೆ ಬೇಕೆಂದು ನನ್ನ ಮುಂದೆ ತಂದಿಟ್ಟರು. ಕಲ್ಲಿನ ಮೇಲೆ ನಿನ್ನ ಮುಖ ಒಂದಿಷ್ಟೂ ಕೆಟ್ಟಿರಲಿಲ್ಲ. ಮರಳು, ನೀರು ಹಾಕಿ ನಾನೇ ಉಜ್ಜಿ ಅಳಿಸಿದೆ. ಕಣ್ಣಿನ ಹತ್ತಿರ ಬಂದಾಗ ಕೈ ನಿಂತೇಬಿಟ್ಟಿತು. ಬೇಗ ಮನೆಗೆ ಬಾ. ನಿನ್ನನ್ನು ನೋಡಬೇಕು.